ಅಂತರರಾಷ್ಟ್ರೀಯ ಶಾಲೆಯ ವಿವರಣ ಪತ್ರಿಕೆ: ಒಂದು ತಾತ್ಪರ್ಯ ವಿಚಾರ

ಕಾವ್ಯ, ನಾಟಕ, ಕಾದಂಬರಿಗಳು ಮಾತ್ರವೇ ವಿಮರ್ಶೆಗೆ ತಕ್ಕ ಬರಹಗಳೆಂದು ತಿಳಿಯುವುದು ಲೋಕದ ವಾಡಿಕೆ. ಆದರೆ ಯಾವ ಬರಹದ ಮಾತನ್ನು ನಂಬಿ ಒಂದು ಸಂಸಾರವು ತನ್ನ ಹನ್ನೆರಡು ವರ್ಷಗಳ ದುಡಿಮೆಯನ್ನು ಮುಡಿಪಾಗಿಡುತ್ತದೆಯೋ, ಆ ಬರಹವು ವಿಮರ್ಶಕನ ದೃಷ್ಟಿಗೆ ಹೊರತಾಗಿ ಉಳಿಯುವುದು ಉಚಿತವಲ್ಲ. ಖಾಸಗಿ ಅಂತರರಾಷ್ಟ್ರೀಯ ಶಾಲೆಗಳು ಪ್ರವೇಶ ಬಯಸುವವರ ಕೈಗೆ ಕೊಡುವ ವಿವರಣ ಪತ್ರಿಕೆ ಅಂಥ ಬರಹಗಳಲ್ಲಿ ಒಂದು. ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಮಠಕ್ಕೆ ಬಂದಾಗ ಇಂಥ ಪತ್ರಿಕೆಗಳನ್ನು ಮುಂದಿರಿಸಿ, "ಬುದ್ಧಿ, ಮಗುವನ್ನು ಇಲ್ಲಿ ಸೇರಿಸಬಹುದೇ?" ಎಂದು ಕೇಳುವುದುಂಟು. ಹಾಗೆ ಕೈಸೇರಿದ ಕೆಲವನ್ನು ಸಾವಧಾನದಿಂದ ಓದಿದ್ದರ ಫಲ ಈ ಲೇಖನ. ಶಾಲೆಗಳ ಹೆಸರನ್ನು ನಾವು ಇಲ್ಲಿ ಎತ್ತುವುದಿಲ್ಲ. ಒಂದು ಶಾಲೆಯ ಗುಣದೋಷ ನಮ್ಮ ವಿಷಯವಲ್ಲ, ಒಂದು ಬಗೆಯ ಬರಹದ ಗುಣದೋಷ ನಮ್ಮ ವಿಷಯ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕಷ್ಟೆ.

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಶಾಸ್ತ್ರಕಾರರು ಆರು ಗುರುತುಗಳನ್ನು ಹೇಳಿದ್ದಾರೆ: ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ ಮತ್ತು ಉಪಪತ್ತಿ. ಗ್ರಂಥವು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆ, ಯಾವ ಮಾತನ್ನು ಮತ್ತೆ ಮತ್ತೆ ಆಡುತ್ತದೆ, ಬೇರೆಡೆ ದೊರೆಯದ ಯಾವುದನ್ನು ಕೊಡುತ್ತದೆ, ಯಾವ ಫಲವನ್ನು ತೋರಿಸುತ್ತದೆ, ಯಾವುದನ್ನು ಸ್ತುತಿಸುತ್ತದೆ, ಯಾವ ಯುಕ್ತಿಯಿಂದ ತನ್ನ ಮಾತನ್ನು ನಿಲ್ಲಿಸುತ್ತದೆ ಎಂಬ ಆರು ಪ್ರಶ್ನೆಗಳು ಇವು. ವೇದಾಂತ ವಾಕ್ಯಗಳಿಗೆ ಒಡ್ಡಿದ ಒರೆಗಲ್ಲನ್ನು ಶಾಲೆಯ ಪತ್ರಿಕೆಗೆ ಒಡ್ಡುವುದು ಅತಿಯಾಯಿತೆಂದು ಕೆಲವರು ನಗಬಹುದು. ಮಗುವಿನ ಬಾಳು ಸಣ್ಣ ವಿಷಯವಲ್ಲವಾದುದರಿಂದ ಒರೆಗಲ್ಲು ದೊಡ್ಡದಾಯಿತೆಂದು ನಾವು ಭಾವಿಸುವುದಿಲ್ಲ.

ಮೊದಲನೆಯದಾಗಿ ಉಪಕ್ರಮ. ಎಲ್ಲ ಪತ್ರಿಕೆಗಳೂ ತೊಡಗುವುದು 'ಅಂತರರಾಷ್ಟ್ರೀಯ' ಎಂಬ ಶಬ್ದದಿಂದ. ಈ ಶಬ್ದಕ್ಕೆ ಒಂದು ನಿಜವಾದ ಚರಿತ್ರೆಯಿದೆ. ೧೯೨೪ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರಾಷ್ಟ್ರಸಂಘದ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಧಿಕಾರಿಗಳ ಮಕ್ಕಳಿಗಾಗಿ ಒಂದು ಶಾಲೆ ಹುಟ್ಟಿತು. ದೇಶದಿಂದ ದೇಶಕ್ಕೆ ವರ್ಗವಾಗುವ ತಂದೆತಾಯಿಗಳ ಮಕ್ಕಳು ಎಲ್ಲಿ ಹೋದರೂ ಓದು ಕಡಿಯದಂತೆ ನೋಡಿಕೊಳ್ಳುವುದು ಅಂಥ ಶಾಲೆಗಳ ಉದ್ದೇಶ. ಯಾವ ದೇಶದ ವಿಶ್ವವಿದ್ಯಾಲಯವೂ ಒಪ್ಪುವ ಒಂದು ಪ್ರಮಾಣಪತ್ರ ಬೇಕೆಂದು ೧೯೬೮ರಲ್ಲಿ ಅದೇ ಊರಿನಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ಎಂದರೆ ಐ.ಬಿ., ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಅದನ್ನು ಮೊದಲು ತಂದುದು ಕೊಡೈಕೆನಾಲಿನ ಶಾಲೆ, ೧೯೭೬ರಲ್ಲಿ. ೧೯೦೧ರಲ್ಲಿ ಮಿಷನರಿಗಳ ಮಕ್ಕಳಿಗಾಗಿ ತೊಡಗಿದ ಶಾಲೆ ಅದು.

ಹೀಗೆ ಶಬ್ದದ ವಾಚ್ಯಾರ್ಥ 'ನಾನಾ ದೇಶಗಳ ಮಕ್ಕಳು ಕೂಡಿ ಓದುವ ಶಾಲೆ' ಎಂದು. ಇಂದು ನಮ್ಮ ನಗರಗಳಲ್ಲಿ ಈ ಹೆಸರನ್ನು ಧರಿಸಿದ ಅನೇಕ ಶಾಲೆಗಳಲ್ಲಿ ಓದುವವರು ಬಹುಪಾಲು ನಮ್ಮವರದೇ ಮಕ್ಕಳು. ಅಲ್ಲಿಗೆ ವಾಚ್ಯಾರ್ಥ ಬಾಧಿತವಾಯಿತು. ಲಕ್ಷಣೆಯಿಂದ 'ವಿದೇಶೀ ಪಠ್ಯಕ್ರಮವುಳ್ಳ ಶಾಲೆ' ಎಂದು ಅರ್ಥ ಮಾಡೋಣವೆಂದರೆ ಅದೂ ಎಲ್ಲೆಡೆ ಹೊಂದದು. ಫಲಕದ ಮೇಲೆ 'ಇಂಟರ್‌ನ್ಯಾಷನಲ್' ಎಂದಿದ್ದು ಒಳಗೆ ಸಿ.ಬಿ.ಎಸ್.ಇ. ಅಥವಾ ರಾಜ್ಯದ ಪಠ್ಯಕ್ರಮವನ್ನೇ ಕಲಿಸುವ ಶಾಲೆಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಇವೆ. ಆ ಪಠ್ಯಕ್ರಮಗಳಲ್ಲಿ ಕೊರತೆಯಿದೆಯೆಂದು ನಾವು ಹೇಳುತ್ತಿಲ್ಲ. ಹೆಸರು ಒಂದು, ಪದಾರ್ಥ ಇನ್ನೊಂದು ಎಂಬುದಷ್ಟೇ ನಮ್ಮ ಮಾತು. ಇನ್ನು ಕೆಲವು ಪತ್ರಿಕೆಗಳಲ್ಲಿ 'ಐ.ಬಿ. ಕ್ಯಾಂಡಿಡೇಟ್ ಶಾಲೆ' ಎಂದಿರುತ್ತದೆ. ಮಾನ್ಯತೆಗಾಗಿ ಕಾದಿರುವ ಶಾಲೆ ಎಂದು ಅದರ ಅರ್ಥವೇ ಹೊರತು ಮಾನ್ಯತೆ ದೊರೆತಿದೆ ಎಂದಲ್ಲ. ದೊರೆತೇ ದೊರೆಯುವುದೆಂಬ ಭರವಸೆಯೂ ಆ ಶಬ್ದದಲ್ಲಿಲ್ಲ. ವಾಚ್ಯವೂ ಲಕ್ಷ್ಯವೂ ಹೀಗೆ ಜಾರಿಹೋದ ಮೇಲೆ ಉಳಿಯುವುದು ವ್ಯಂಗ್ಯಾರ್ಥ ಒಂದೇ: 'ಇಲ್ಲಿ ಮಗುವನ್ನು ಸೇರಿಸಿದವರು ಇಂಥ ಅಂತಸ್ತಿನವರು' ಎಂಬುದು.

ಉಪಸಂಹಾರವನ್ನು ನೋಡೋಣ. ಮೊದಲ ಪುಟದಲ್ಲಿ ಲೋಕವೆಲ್ಲ ಒಂದು ಕುಟುಂಬ. ಕೊನೆಯ ಪುಟದಲ್ಲಿ, ಒಮ್ಮೆ ಕೊಟ್ಟ ಪ್ರವೇಶ ಶುಲ್ಕ ಯಾವ ಕಾರಣಕ್ಕೂ ಮರಳಿ ದೊರೆಯದು. ಉಪಕ್ರಮ ಮತ್ತು ಉಪಸಂಹಾರಗಳಲ್ಲಿ ವಿರೋಧ ಬಂದಾಗ ಯಾವುದು ಪ್ರಬಲವೆಂಬುದು ಶಾಸ್ತ್ರದಲ್ಲಿ ದೊಡ್ಡ ಚರ್ಚೆ. ಉಪಕ್ರಮವೇ ಪ್ರಬಲವೆಂದು ಸಾಧಿಸಲು ಹದಿನಾರನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು 'ಉಪಕ್ರಮ ಪರಾಕ್ರಮ' ಎಂಬ ಗ್ರಂಥವನ್ನೇ ರಚಿಸಿದರು. ನಮ್ಮ ಮುಂದಿರುವ ಪತ್ರಿಕೆಗಳ ಮಟ್ಟಿಗೆ ದೀಕ್ಷಿತರ ಪಕ್ಷ ನಿಲ್ಲಲಾರದು. ಇಲ್ಲಿ ನಿಸ್ಸಂದೇಹವಾಗಿ ಉಪಸಂಹಾರವೇ ಪ್ರಬಲ.

ಎರಡನೆಯದು ಅಭ್ಯಾಸ, ಎಂದರೆ ಪುನರುಕ್ತಿ. 'ಸರ್ವಾಂಗೀಣ ವಿಕಾಸ', 'ವಿಶ್ವ ಪ್ರಜೆ', 'ನಾಳಿನ ನಾಯಕ' ಎಂಬರ್ಥದ ಇಂಗ್ಲಿಷ್ ಮಾತುಗಳು ಪುಟಪುಟದಲ್ಲಿಯೂ ಬರುತ್ತವೆ. ಪ್ರತಿಯೊಂದು ಮಗುವನ್ನೂ ನಾಯಕನನ್ನಾಗಿ ಮಾಡುವುದಾಗಿ ಎಲ್ಲ ಶಾಲೆಗಳೂ ಹೇಳುತ್ತವೆ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರೆಂದು ನಮ್ಮ ಹಿರಿಯರು ಕೇಳುತ್ತಿದ್ದರು. ಯಾವ ಶಬ್ದಗಳು ಪುನರುಕ್ತವಾಗಿಲ್ಲ ಎಂಬುದು ಇನ್ನೂ ವಿಚಾರಣೀಯ. ನಾವು ನೋಡಿದ ಪತ್ರಿಕೆಗಳಲ್ಲಿ ಕಟ್ಟಡ, ಕ್ರೀಡಾಂಗಣ, ಈಜುಕೊಳಗಳಿಗೆ ಹಲವು ಪುಟಗಳು. ಉಪಾಧ್ಯಾಯರಿಗೆ ಅರ್ಧ ಪುಟ. ಅವರು ಎಲ್ಲಿ ಓದಿದವರು, ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ನಿಂತಿದ್ದಾರೆ, ಕಳೆದ ವರ್ಷ ಎಷ್ಟು ಜನ ಬಿಟ್ಟುಹೋದರು ಎಂಬ ವಿವರ ಇಲ್ಲ. ವಿದ್ಯೆಯು ಗುರುಮುಖದಿಂದ ಬರುವುದೇ ಹೊರತು ಗೋಡೆಯ ಅಮೃತಶಿಲೆಯಿಂದಲ್ಲ. ಗುರುವಿನ ವಿಷಯದಲ್ಲಿ ಮೌನವಾಗಿರುವ ಪತ್ರಿಕೆ ವಿದ್ಯೆಯ ವಿಷಯದಲ್ಲಿ ಎಷ್ಟು ಮಾತನಾಡಿದರೂ ಮೌನವಾಗಿಯೇ ಇದೆ.

ಮೂರನೆಯದು ಅಪೂರ್ವತೆ. ಇಲ್ಲಿ ನಿಷ್ಪಕ್ಷಪಾತವಾಗಿ ಒಪ್ಪಬೇಕಾದ ಸಂಗತಿಗಳಿವೆ. ಐ.ಬಿ.ಯ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣ ವ್ಯವಸ್ಥೆಯನ್ನು ನಾವು ಗೌರವದಿಂದ ಕಾಣುತ್ತೇವೆ. ವಿದ್ಯಾರ್ಥಿ ಆರು ವಿಷಯಗಳನ್ನು ಓದಬೇಕು. ಒಂದೊಂದಕ್ಕೆ ಗರಿಷ್ಠ ೭ ಅಂಕ. ಜ್ಞಾನವೆಂದರೇನು, ಅದಕ್ಕೆ ಪ್ರಮಾಣವೇನು ಎಂಬುದನ್ನು ವಿಚಾರಿಸುವ ಒಂದು ಪಾಠವಿದೆ. ನಮ್ಮ ಪ್ರಮಾಣಶಾಸ್ತ್ರವನ್ನು ಓದಿದವರಿಗೆ ಇದರ ಬೆಲೆ ತಿಳಿಯುತ್ತದೆ. ತಾನೇ ಆರಿಸಿಕೊಂಡ ವಿಷಯದ ಮೇಲೆ ೪,೦೦೦ ಶಬ್ದಗಳ ಮಿತಿಯಲ್ಲಿ ಒಂದು ಪ್ರಬಂಧ ಬರೆಯಬೇಕು. ಈ ಎರಡಕ್ಕೂ ಸೇರಿ ೩, ಒಟ್ಟು ೪೫ ಅಂಕ. ಸೃಜನಕಾರ್ಯ, ದೇಹಶ್ರಮ, ಸಮಾಜಸೇವೆಗಳೂ ಕಡ್ಡಾಯ. ೧೮೫೮ರಿಂದ ಶಾಲಾ ಪರೀಕ್ಷೆಗಳನ್ನು ನಡೆಸುತ್ತ ಬಂದಿರುವ ಕೇಂಬ್ರಿಜ್ ಸಂಸ್ಥೆಯ ಐ.ಜಿ.ಸಿ.ಎಸ್.ಇ. ಪರೀಕ್ಷೆಯೂ, ೧೯೮೮ರಿಂದ ನಡೆಯುತ್ತಿರುವಂಥದು, ಉರುಹೊಡೆದುದನ್ನು ಒಪ್ಪಿಸುವುದಕ್ಕಿಂತ ತಿಳಿದುದನ್ನು ಬಳಸುವುದಕ್ಕೆ ಹೆಚ್ಚು ಮನ್ನಣೆ ಕೊಡುತ್ತದೆ. ಮಾರ್ಗದರ್ಶಿಗಳನ್ನು ಕಂಠಪಾಠ ಮಾಡಿಸಿ ಅಂಕ ಗಳಿಸಿಕೊಡುವ ನಮ್ಮ ಅನೇಕ ಪದವಿಪೂರ್ವ ಕಾಲೇಜುಗಳು ಇವುಗಳಿಂದ ಕಲಿಯಬೇಕಾದುದು ಬಹಳವಿದೆ.

ಆದರೆ ಎರಡು ಮಾತುಗಳನ್ನು ಮರೆಯಬಾರದು. ಡಿಪ್ಲೊಮಾ ಇರುವುದು ಶಾಲಾ ಶಿಕ್ಷಣದ ಕೊನೆಯ ಎರಡು ವರ್ಷಗಳಿಗೆ. ಬೇರೆ ಪಠ್ಯಕ್ರಮದಲ್ಲಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಯೂ ಅದಕ್ಕೆ ಸೇರಬಹುದು. ಹದಿನಾರನೆಯ ವಯಸ್ಸಿನ ಅಪೂರ್ವತೆಯನ್ನು ತೋರಿಸಿ ಮೂರನೆಯ ವಯಸ್ಸಿನಿಂದ ಶುಲ್ಕ ಪಡೆಯುವಾಗ ನಡುವಣ ವರ್ಷಗಳಲ್ಲಿ ಏನು ದೊರೆಯುತ್ತದೆಂದು ಬೇರೆಯಾಗಿಯೇ ಕೇಳಬೇಕು.

ಎರಡನೆಯದು ಮನೆಮಾತಿನ ವಿಷಯ. ಶಾಲೆ ಕಲಿಸದ ಮಾತೃಭಾಷೆಯ ಸಾಹಿತ್ಯವನ್ನು ವಿದ್ಯಾರ್ಥಿ ಸ್ವಾಧ್ಯಾಯದಿಂದ ಓದಿ ಪರೀಕ್ಷೆಗೆ ಕೂರುವ ಒಂದು ದಾರಿ ಐ.ಬಿ.ಯಲ್ಲಿದೆ. ತಾಯ್ನುಡಿಗೆ ಸ್ಥಾನವಿರಬೇಕೆಂಬುದು ಆ ಸಂಸ್ಥೆಯ ತತ್ತ್ವವೇ ಆಗಿದೆ. ಆದರೆ ನಾವು ನೋಡಿದ ಯಾವ ಪತ್ರಿಕೆಯೂ ಇದನ್ನು ಎತ್ತಿ ಹೇಳಿಲ್ಲ. ಯಾವ ತಂದೆತಾಯಿಗಳೂ ಕೇಳಿದಂತೆ ಕಾಣಲಿಲ್ಲ. ಫ್ರೆಂಚ್, ಸ್ಪ್ಯಾನಿಷ್ ಕಲಿಸುವ ಮಾತು ದಪ್ಪಕ್ಷರದಲ್ಲಿದೆ. ರಾಜ್ಯದ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ೨೦೧೫ರಲ್ಲಿ ಕಾಯಿದೆ ಬಂತು. ಆದರೂ ವಾರಕ್ಕೆ ಎಷ್ಟು ಗಂಟೆ, ಯಾರಿಂದ ಎಂಬುದು ಪತ್ರಿಕೆಯಲ್ಲಿ ಇಲ್ಲ. ಹಳ್ಳಿಯಿಂದ ಬಂದ ಅಜ್ಜಿಗೂ ಅವಳ ಮೊಮ್ಮಗನಿಗೂ ನಡುವೆ ಮಗ ಸೊಸೆಯರು ದುಭಾಷಿಗಳಾಗಿ ಕೂರುವ ಮನೆಗಳನ್ನು ನಾವು ಕಂಡಿದ್ದೇವೆ. ವಿಶ್ವ ಪ್ರಜೆಯಾಗುವ ಮೊದಲು ಮಗು ಮನೆಯ ಪ್ರಜೆಯಾಗಿರುವುದು ಬೇಡವೇ?

ನಾಲ್ಕನೆಯದು ಫಲ. ವಿದೇಶದ ವಿಶ್ವವಿದ್ಯಾಲಯಗಳ ಲಾಂಛನಗಳನ್ನು ಸಾಲಾಗಿ ಮುದ್ರಿಸಿ, 'ನಮ್ಮ ವಿದ್ಯಾರ್ಥಿಗಳಿಗೆ ಪ್ರವೇಶದ ಆಹ್ವಾನ ದೊರೆತ ವಿದ್ಯಾಲಯಗಳು' ಎಂದು ಬರೆಯುತ್ತಾರೆ. ಒಬ್ಬನೇ ವಿದ್ಯಾರ್ಥಿ ಹತ್ತು ಕಡೆ ಅರ್ಜಿ ಹಾಕಿ ಆರು ಕಡೆಯಿಂದ ಆಹ್ವಾನ ಪಡೆಯಬಹುದು. ಸೇರುವುದು ಮಾತ್ರ ಒಂದೇ ಕಡೆ. ಆಹ್ವಾನಗಳ ಎಣಿಕೆ ಬೇರೆ, ವಿದ್ಯಾರ್ಥಿಗಳ ಎಣಿಕೆ ಬೇರೆ. ಮೊದಲ ಶ್ರೇಯಾಂಕದ ಇಬ್ಬರ ಭಾವಚಿತ್ರಕ್ಕಿಂತ ಪರೀಕ್ಷೆಗೆ ಕುಳಿತ ಎಲ್ಲರ ಫಲಿತಾಂಶವೇ ಶಾಲೆಯ ನಿಜವಾದ ಫಲಶ್ರುತಿ.

ಮಗು ನಮ್ಮ ದೇಶದಲ್ಲಿಯೇ ಮುಂದೆ ಓದುವುದಾದರೆ ಬೇರೆ ಲೆಕ್ಕವಿದೆ. ಐ.ಬಿ. ಡಿಪ್ಲೊಮಾ ನಮ್ಮ ಹನ್ನೆರಡನೆಯ ತರಗತಿಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಮಾನ್ಯ ಮಾಡಿದೆ. ಆ ಬಗ್ಗೆ ಭಯ ಬೇಡ. ಆದರೆ ಮೇ ತಿಂಗಳ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಮೊದಲ ವಾರದಲ್ಲಿ. ಅಷ್ಟರೊಳಗೆ ಇಲ್ಲಿಯ ಕೆಲವು ಕಾಲೇಜುಗಳ ಪ್ರವೇಶ ಬಹಳ ಮುಂದುವರಿದಿರುತ್ತದೆ. ವೈದ್ಯಕೀಯ, ತಾಂತ್ರಿಕ ಪ್ರವೇಶ ಪರೀಕ್ಷೆಗಳು ರಚಿತವಾಗಿರುವುದು ನಮ್ಮ ದೇಶದ ಹನ್ನೊಂದು ಹನ್ನೆರಡನೆಯ ತರಗತಿಗಳ ಪಠ್ಯವನ್ನು ಅನುಸರಿಸಿ. ಹೀಗಾಗಿ ಒಂದು ಶಾಲೆಗೂ ಒಂದು ತರಬೇತಿ ಕೇಂದ್ರಕ್ಕೂ ಏಕಕಾಲದಲ್ಲಿ ಹಣ ತೆರಬೇಕಾಗಿ ಬರಬಹುದು. ಮಗು ವಿದೇಶಕ್ಕೆ ಹೋಗುವುದಾದರೆ ಶಾಲೆಯ ಶುಲ್ಕ ವೆಚ್ಚದ ಮೊದಲ ಕಂತು ಮಾತ್ರ. ಉಳಿತಾಯವೆಲ್ಲ ಆ ಕಂತಿನಲ್ಲಿಯೇ ಕರಗಿದರೆ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತಾಗ ಕೈಯಲ್ಲಿ ಉಳಿಯುವುದು ಸಾಲದ ಅರ್ಜಿ.

ಐದನೆಯದು ಅರ್ಥವಾದ. ಮೀಮಾಂಸಾಶಾಸ್ತ್ರದಲ್ಲಿ 'ಇದನ್ನು ಮಾಡತಕ್ಕದ್ದು' ಎಂದು ವಿಧಿಸುವ ವಾಕ್ಯ ವಿಧಿ. ವಿಧಿಯ ಕಡೆಗೆ ಮನಸ್ಸು ಒಲಿಯುವಂತೆ ಸ್ತುತಿಸುವ ವಾಕ್ಯ ಅರ್ಥವಾದ. ಅರ್ಥವಾದವು ತಾನಾಗಿ ಯಾರನ್ನೂ ಕಟ್ಟುವುದಿಲ್ಲ. ಕುದುರೆಯ ಮೇಲೆ ಕುಳಿತ ಬಾಲಕ, ನೀಲಿ ಈಜುಕೊಳ, ಮುಂದಿನ ಸಾಲಿನಲ್ಲಿಯೇ ನಿಲ್ಲಿಸಿದ ಒಬ್ಬ ವಿದೇಶೀ ಹುಡುಗಿ, ದೂರದರ್ಶಕದಲ್ಲಿ ಕಣ್ಣಿಟ್ಟ ವಿದ್ಯಾರ್ಥಿನಿ, ಇವೆಲ್ಲವೂ ಅರ್ಥವಾದ. ಕುದುರೆ ಸವಾರಿಗೆ ಪ್ರತ್ಯೇಕ ಶುಲ್ಕವಿದೆಯೇ, ದೂರದರ್ಶಕವನ್ನು ವರ್ಷಕ್ಕೆ ಎಷ್ಟು ದಿನ ಹೊರತೆಗೆಯುತ್ತಾರೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ವಿಧಿ ಇರುವುದು ಕೊನೆಯ ಹಾಳೆಯ ಸಣ್ಣಕ್ಷರಗಳಲ್ಲಿ: ಇಂಥ ದಿನದೊಳಗೆ ಶುಲ್ಕ ಸಲ್ಲತಕ್ಕದ್ದು, ತಪ್ಪಿದರೆ ದಂಡ, ಶುಲ್ಕವನ್ನು ಹೆಚ್ಚಿಸುವ ಅಧಿಕಾರ ಆಡಳಿತ ಮಂಡಳಿಯದು, ಶಾಲೆ ಬಿಡುವುದಾದರೆ ಇಷ್ಟು ತಿಂಗಳ ಮೊದಲೇ ತಿಳಿಸಬೇಕು, ಇಲ್ಲವಾದರೆ ಒಂದು ಅವಧಿಯ ಶುಲ್ಕ ಕೊಡಬೇಕು, ಭದ್ರತಾ ಠೇವಣಿ ಇಂಥ ಷರತ್ತಿನ ಮೇಲೆ ಮಾತ್ರ ಮರಳಿ ಬರುವುದು. ಪೋಷಕರ ಸಹಿ ಬೀಳುವುದು ಈ ವಿಧಿವಾಕ್ಯಗಳ ಕೆಳಗೆ. ಅರ್ಥವಾದದ ಕೆಳಗೆ ಶಾಲೆಯ ಸಹಿ ಎಲ್ಲಿಯೂ ಇಲ್ಲ. ಈ ಬರಹದ ಮುಖ್ಯ ದೋಷ ಸುಳ್ಳಲ್ಲ. ಹೊಗಳಿಕೆಯನ್ನು ಎತ್ತರದ ಅಕ್ಷರದಲ್ಲಿಯೂ ಕಟ್ಟಳೆಯನ್ನು ಸಣ್ಣ ಅಕ್ಷರದಲ್ಲಿಯೂ ಇರಿಸಿ, ಓದುವವನು ಮೊದಲನೆಯದನ್ನೇ ವಿಧಿಯೆಂದು ತಿಳಿಯುವಂತೆ ಮಾಡುವುದು ಅದರ ದೋಷ.

ಕೊನೆಯದು ಉಪಪತ್ತಿ, ಯುಕ್ತಿಯ ಪರೀಕ್ಷೆ. ಬೆಂಗಳೂರಿನ ಇಂಥ ಶಾಲೆಗಳಲ್ಲಿ ವರ್ಷಕ್ಕೆ ಕೆಲವು ಲಕ್ಷದಿಂದ ತೊಡಗಿ ಹತ್ತು ಲಕ್ಷ ರೂಪಾಯಿ ಮೀರುವ ಶುಲ್ಕವೂ ಇದೆ. ಲೆಕ್ಕಕ್ಕಾಗಿ ಮೊದಲ ವರ್ಷ ೫ ಲಕ್ಷವೆಂದು ಇಟ್ಟುಕೊಳ್ಳೋಣ. ಹನ್ನೆರಡು ವರ್ಷಕ್ಕೆ ೬೦ ಲಕ್ಷವೆಂದು ಪೋಷಕರು ಗುಣಿಸುತ್ತಾರೆ. ಆದರೆ ವರ್ಷವರ್ಷವೂ ನೂರಕ್ಕೆ ಹತ್ತರಂತೆ ಶುಲ್ಕ ಏರಿದರೆ ಹನ್ನೆರಡನೆಯ ವರ್ಷದ ಶುಲ್ಕವೊಂದೇ ೧೪ ಲಕ್ಷ ಮೀರುತ್ತದೆ. ಒಟ್ಟು ಮೊತ್ತ ೧ ಕೋಟಿ ೬ ಲಕ್ಷ ದಾಟುತ್ತದೆ. ಇಬ್ಬರು ಮಕ್ಕಳಿದ್ದರೆ ಇದರ ಎರಡರಷ್ಟು. ಬಸ್ಸು, ಊಟ, ಸಮವಸ್ತ್ರ, ಪ್ರವಾಸ, ಗಣಕಯಂತ್ರ, ವಿದೇಶೀ ಪರೀಕ್ಷಾ ಮಂಡಳಿಗೆ ಸಲ್ಲುವ ಶುಲ್ಕ ಇವು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಊರಿನ ಎರಡೆಕರೆ ಮಾರಿದರೆ ಮೊದಲ ಕೆಲವು ವರ್ಷ ಹೇಗೋ ನಡೆಯುತ್ತದೆ ಎಂದು ಹೇಳುವವರಿದ್ದಾರೆ. ಹೆಚ್ಚು ಭಾರ ಬೀಳುವುದು ಕೊನೆಯ ವರ್ಷಗಳಲ್ಲಿ. ಆಗ ಮಾರಲು ಹೊಲವಿರುವುದಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರ ಸಂಬಳ ನಿಂತರೂ ಹನ್ನೆರಡನೆಯ ವರ್ಷದವರೆಗೆ ಸಾಗಿಸಬಲ್ಲೆವೇ ಎಂಬ ಪ್ರಶ್ನೆಗೆ 'ಹೌದು' ಎಂದು ಹೇಳಲಾಗದ ಮನೆಯವರು ಈ ದಾರಿ ಹಿಡಿಯದಿರುವುದು ಕ್ಷೇಮ. ನಡುವೆ ಬಿಡಿಸಿದರೆ ಪಠ್ಯವೂ ಪರೀಕ್ಷೆಯ ರೀತಿಯೂ ಗೆಳೆಯರೂ ಒಮ್ಮೆಲೇ ಬದಲಾಗಿ, ಅದರ ಪೆಟ್ಟು ಬೀಳುವುದು ಮಗುವಿನ ಮೇಲೆ.

ಕಾನೂನನ್ನೂ ಪೋಷಕರು ಅರಿತಿರಬೇಕು. ೨೦೦೨ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನ ಹಾಗೂ ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಅನುದಾನ ಪಡೆಯದ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ನಿರ್ಧರಿಸಬಹುದೆಂದೂ, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದೆಂದೂ, ಲಾಭಕೋರತನ ಮತ್ತು ತಲೆವಂತಿಗೆ ಸಲ್ಲವೆಂದೂ ತೀರ್ಮಾನಿಸಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೩ನೆಯ ಪ್ರಕರಣವು ಪ್ರವೇಶದ ವೇಳೆ ತಲೆವಂತಿಗೆ ಪಡೆಯುವುದನ್ನೂ, ಮಗುವನ್ನಾಗಲೀ ತಂದೆತಾಯಿಗಳನ್ನಾಗಲೀ ಆಯ್ಕೆ ಪರೀಕ್ಷೆಗೆ ಒಳಪಡಿಸುವುದನ್ನೂ ನಿಷೇಧಿಸುತ್ತದೆ. ತಲೆವಂತಿಗೆ ಪಡೆದರೆ ಅದರ ಹತ್ತರಷ್ಟರವರೆಗೆ ದಂಡ. ಆಯ್ಕೆ ಪರೀಕ್ಷೆಗೆ ಮೊದಲ ಸಲ ೨೫,೦೦೦, ಮುಂದೆ ಪ್ರತಿಸಲವೂ ೫೦,೦೦೦ ರೂಪಾಯಿಗಳವರೆಗೆ ದಂಡ. ಆರರಿಂದ ಹದಿನಾಲ್ಕರ ವಯಸ್ಸಿನ ಶಿಕ್ಷಣಕ್ಕೆ ಅನ್ವಯಿಸುವ ಕಾಯಿದೆ ಇದು. ಅಲ್ಪಸಂಖ್ಯಾತರ ಶಾಲೆಗಳನ್ನು ೨೦೧೪ರ ತೀರ್ಪೊಂದು ಇದರಿಂದ ಹೊರಗಿರಿಸಿದೆ. ಪ್ರವೇಶಪತ್ರದಲ್ಲಿ ತಂದೆತಾಯಿಗಳ ಪದವಿ, ಹುದ್ದೆ, ವರಮಾನಗಳನ್ನು ಕೇಳುವ ಅಂಕಣಗಳನ್ನು ತುಂಬುವಾಗ ಈ ಪ್ರಕರಣ ನೆನಪಿನಲ್ಲಿರಲಿ.

ಇನ್ನೊಂದು ಉಪಪತ್ತಿ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಶಕ್ತಿ ಮೀರಿ ತೆತ್ತ ಮನೆಯಲ್ಲಿ ಆ ಹಣ ಮೌನವಾಗಿ ಇರುವುದಿಲ್ಲ. ಅಂಕ ಕಡಮೆಯಾದಾಗ, ಮಗು ಚಿತ್ರ ಬರೆಯುತ್ತೇನೆ, ತೋಟ ಮಾಡುತ್ತೇನೆ ಎಂದಾಗ, "ನಿನಗಾಗಿ ಇಷ್ಟು ಲಕ್ಷ ಸುರಿದಿದ್ದೇವೆ" ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ. ಅಲ್ಲಿಂದ ಮುಂದೆ ಮಗು ವಿದ್ಯಾರ್ಥಿಯಲ್ಲ, ತಾನು ಮಾಡದ ಸಾಲಕ್ಕೆ ಋಣಿ. ಯಾವ ಶಾಲೆಯೂ ಈ ಭಾರವನ್ನು ಇಳಿಸಲಾರದು. ಕೂಳು ಬಟ್ಟೆ ಕೊಟ್ಟಂತೆ ವಿದ್ಯೆಯನ್ನೂ ಲೆಕ್ಕವಿಡದೆ ಕೊಡುವುದು ತಂದೆತಾಯಿಗಳ ಧರ್ಮ. ಲೆಕ್ಕವಿಡದೆ ಕೊಡಬಲ್ಲಷ್ಟನ್ನೇ ಕೊಡುವುದು ವಿವೇಕ.

ಆರು ಗುರುತುಗಳಿಂದಲೂ ನೋಡಿದಾಗ ಈ ಪತ್ರಿಕೆಗಳ ತಾತ್ಪರ್ಯ ಪ್ರವೇಶವೇ ಹೊರತು ವಿದ್ಯೆಯಲ್ಲ ಎಂದು ನಿರ್ಣಯವಾಗುತ್ತದೆ. ಅದೊಂದು ಪಾಪವೆಂದು ನಾವು ಹೇಳುವುದಿಲ್ಲ. ಅಂಗಡಿಯ ಫಲಕ ಗಿರಾಕಿಯನ್ನು ಕರೆಯಲಿಕ್ಕಾಗಿಯೇ ಇರುವಂಥದು. ಪತ್ರಿಕೆ ಕೆಟ್ಟದಾದ ಮಾತ್ರಕ್ಕೆ ಶಾಲೆ ಕೆಟ್ಟದೆಂದೂ ಆಗಲಿಲ್ಲ. ಒಳ್ಳೆಯ ಶಾಲೆಗಳೂ ಇದೇ ಭಾಷೆಯಲ್ಲಿ ಬರೆಸುತ್ತಿವೆ. ಅವುಗಳ ಒಳ್ಳೆಯತನವನ್ನು ಪತ್ರಿಕೆಯ ಆಚೆಗೆ ಹೋಗಿ ಕಾಣಬೇಕಾಗಿದೆ.

ಆದುದರಿಂದ ವಾಚಕ ಮಹಾಶಯರಲ್ಲಿ ನಮ್ಮ ಸೂಚನೆ ಇಷ್ಟು. ಶಾಲೆಗೆ ಹೋದಾಗ ಕಳೆದ ಐದು ವರ್ಷಗಳ ಶುಲ್ಕದ ಪಟ್ಟಿಯನ್ನು ಕೇಳಿರಿ. ಮಾನ್ಯತೆಯ ಪತ್ರವನ್ನು ಕಣ್ಣಾರೆ ನೋಡಿರಿ, ಐ.ಬಿ. ಸಂಸ್ಥೆ ತಾನು ಮಾನ್ಯ ಮಾಡಿದ ಶಾಲೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಹೆಸರಿದೆಯೇ ಎಂದು ತಾಳೆ ನೋಡಿರಿ. ಉಪಾಧ್ಯಾಯರು ಎಷ್ಟು ವರ್ಷದಿಂದ ಇದ್ದಾರೆಂದು ಕೇಳಿರಿ. ಪರೀಕ್ಷೆಗೆ ಕುಳಿತ ಎಲ್ಲರ ಫಲಿತಾಂಶ ಕೇಳಿರಿ. ಉತ್ಸವದ ದಿನ ಬಿಟ್ಟು ಸಾಮಾನ್ಯ ದಿನ ಗ್ರಂಥಾಲಯದಲ್ಲಿ ಒಂದು ಗಂಟೆ ಕುಳಿತು, ಮಕ್ಕಳು ಪುಸ್ತಕ ಮುಟ್ಟುತ್ತಾರೆಯೇ ನೋಡಿರಿ. ಕನ್ನಡವನ್ನು ಯಾರು, ವಾರಕ್ಕೆ ಎಷ್ಟು ಗಂಟೆ ಕಲಿಸುತ್ತಾರೆಂದು ಬರೆದುಕೊಡಲು ಹೇಳಿರಿ. ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುವ ಶಾಲೆ ತನ್ನ ಪತ್ರಿಕೆಗಿಂತ ದೊಡ್ಡದು; ಶಕ್ತಿಯಿದ್ದವರು ನಿಸ್ಸಂಕೋಚವಾಗಿ ಅಲ್ಲಿಗೆ ಕಳುಹಿಸಬಹುದು. ಮುಖ ಗಂಟಿಕ್ಕುವ ಶಾಲೆಗೆ ಕಳುಹಿಸಲಾಗಲಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಬಡಾವಣೆಯ ಸಾಧಾರಣ ಶಾಲೆಯಲ್ಲಿ ಒಬ್ಬ ಒಳ್ಳೆಯ ಉಪಾಧ್ಯಾಯರಿದ್ದು, ಸಂಜೆ ಮನೆಯಲ್ಲಿ ಮಗುವಿನ ಮಾತು ಕೇಳುವವರು ಇಬ್ಬರಿದ್ದರೆ, ಆ ಮಗುವಿನ ವಿದ್ಯೆಗೆ ಕೊರತೆಯಾಗದು.